ಡಬ್ಬಿ ಆರಿಸಿದ್ದು ಯಾರು

೧

ಎಲ್ಲಿಂದ ಶುರು ಮಾಡಲಿ? ಡಬ್ಬಿಯಿಂದಲೋ, ಹೆಣದಿಂದಲೋ?

ಹೆಣದಿಂದ ಶುರು ಮಾಡಿದರೆ ನೀವು ಓದುತ್ತೀರಿ. ನನಗೆ ಗೊತ್ತು, ನಾನೂ ಹಾಗೆ ಓದುವವಳೇ. ಡಬ್ಬಿಯಿಂದ ಶುರು ಮಾಡಿದರೆ ಪುಟ ತಿರುಗಿಸುತ್ತೀರಿ. ಆದರೆ ಈ ಕಥೆಯಲ್ಲಿ ಮೊದಲು ಬಂದದ್ದು ಡಬ್ಬಿ, ಆಮೇಲೆ ಸಾವು. ಡಬ್ಬಿ ಬೇರೆಯದಾಗಿದ್ದರೂ ಸಾವು ಬಂದೇ ಬರುತ್ತಿತ್ತು. ಉಳಿದವರು ಬದುಕುವ ರೀತಿ ಮಾತ್ರ ಬೇರೆಯಾಗುತ್ತಿತ್ತು. ಆದ್ದರಿಂದ ಸ್ವಲ್ಪ ತಾಳಿ. ಡಬ್ಬಿಯೇ ಮೊದಲು.

ಮನೆಯ ಹೊರಗೋಡೆಗೆ ಕಾವಲು ಕ್ಯಾಮೆರಾ ಹಾಕುತ್ತಾರಲ್ಲ, ಅದರ ಬೆನ್ನಿಂದ ಒಂದು ಬಾಲ ಹೊರಡುತ್ತದೆ. ಬಾಲದ ತುದಿಯಲ್ಲಿ ಎರಡು ಕನೆಕ್ಟರು, ಒಂದು ಕರೆಂಟಿಗೆ, ಒಂದು ಚಿತ್ರಕ್ಕೆ. ಮನೆಯೊಳಗಿಂದ ಬಂದ ವೈರುಗಳನ್ನು ಇವಕ್ಕೆ ಸಿಕ್ಕಿಸಬೇಕು. ಹಾಗೆ ಸಿಕ್ಕಿಸಿದ ಗಂಟಿಗೆ ಮಳೆ, ಬಿಸಿಲು, ಇರುವೆ, ಹಲ್ಲಿ ಯಾವುದೂ ತಾಗಬಾರದೆಂದು ಕ್ಯಾಮೆರಾದ ಹಿಂದೆ ಒಂದು ಡಬ್ಬಿ ಕೂರಿಸಿ, ಗಂಟನ್ನು ಅದರೊಳಗೆ ಮಡಿಸಿ, ಮುಚ್ಚುತ್ತಾರೆ. ಜಂಕ್ಷನ್ ಬಾಕ್ಸ್. ಕೈಗೆ ತೆಗೆದುಕೊಂಡರೆ ಆಟದ ಸಾಮಾನಿನ ಹಾಗೆ ಹಗುರ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಡಬ್ಬಿಗಳ ಬಗೆಗಳ ಮೇಲೆ ಒಂದು ಪುಟ ಇತ್ತು. ಪ್ಲಾಸ್ಟಿಕ್ಕೋ ಲೋಹವೋ, ದುಂಡೋ ಚೌಕವೋ, ವೈರಿನ ತೂತು ಕೆಳಮುಖವಾಗಿರಬೇಕು ಮೇಲ್ಮುಖವಾಗಿರಬಾರದು, ಇತ್ಯಾದಿ. ಓದಿದರೆ ಅಂಗಡಿಯ ಕರಪತ್ರದ ಹಾಗಿತ್ತು. ಹರಿದು ಹಾಕಿದೆ. ಹರಿದದ್ದಕ್ಕೆ ಸ್ವಲ್ಪ ಬೇಜಾರೂ ಆಯಿತು, ಯಾಕೆಂದರೆ ಆ ಪುಟದಲ್ಲಿದ್ದದ್ದೆಲ್ಲ ನಿಜ. ಇನ್ನು ಮುಂದಿನ ಪುಟಗಳಿಗೆ ಆ ಗ್ಯಾರಂಟಿ ಕೊಡಲಾರೆ.)

೨

ಬೀ ಹ್ವಾ ನನ್ನ ಪಕ್ಕದ ಮನೆಯವಳು. ಮಲಯ ನಾಡಿನಲ್ಲೇ ಮಳೆಗೆ ಹೆಸರಾದ ತೈಪಿಂಗ್ ಊರಿನ ನಮ್ಮ ಸಾಲುಮನೆಗಳಲ್ಲಿ ಪಕ್ಕದ ಮನೆ ಎಂದರೆ ಒಂದೇ ಗೋಡೆಯ ಎರಡು ಮುಖ. ಅವಳು ಬೆಳ್ಳುಳ್ಳಿ ಜಜ್ಜಿದರೆ ನನ್ನ ಮನೆಯ ಕ್ಯಾಲೆಂಡರು ಅಲ್ಲಾಡುತ್ತದೆ. ಶಾಲೆಯೊಂದರ ಕ್ಯಾಂಟೀನ್ ನಡೆಸಿ ಬಿಟ್ಟವಳು. ಕ್ಯಾಂಟೀನ್ ಬಿಟ್ಟರೂ ಧ್ವನಿ ಬಿಟ್ಟಿಲ್ಲ. ಗಂಡ ತೇಕ್ ಲಿಯೊಂಗ್ ಲಾರಿ ಮೆಕ್ಯಾನಿಕ್ ಆಗಿದ್ದವನು. ಮನೆಯ ಯಾವ ಕೆಲಸಕ್ಕೂ ಇನ್ನೊಬ್ಬರನ್ನು ಕರೆದವನಲ್ಲ. ಎದುರು ಮನೆಯಲ್ಲಿ ಹಮ್ದಾನ್, ಅವನ ಹೆಂಡತಿ ಕಮರಿಯಾ. ಹಮ್ದಾನ್ ಶಾಲಾ ಮಕ್ಕಳ ವ್ಯಾನು ಓಡಿಸುತ್ತಿದ್ದ. ಕಮರಿಯಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಈ ಕಥೆಯಲ್ಲಿ ಇಷ್ಟೇ ಜನ.

ಮತ್ತೆ ನಾನು. ಮದುವೆಯಾಗಿ ಈ ಊರಿಗೆ ಬಂದವಳು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವುದರಿಂದ ಬೀದಿಗೆಲ್ಲ 'ಟೀಚರ್'. ಬಿಡುವಾದಾಗ ಕನ್ನಡದಲ್ಲಿ ಬರೆಯುತ್ತೇನೆ. ಇದನ್ನು ಓದಬಲ್ಲವರು ಈ ಬೀದಿಯಲ್ಲಿ ಯಾರೂ ಇಲ್ಲವೆನ್ನುವುದೇ ನನ್ನ ಧೈರ್ಯ. ಆ ಧೈರ್ಯವನ್ನೂ ಬೀ ಹ್ವಾ ಹೆಚ್ಚು ದಿನ ಉಳಿಸಲಿಲ್ಲ.

"ನಿನ್ನ ಚಕ್ಕುಲಿ ಅಕ್ಷರದಲ್ಲಿ ನಮ್ಮನ್ನೆಲ್ಲ ಏನಂತ ಬೈದು ಬರೀತಿದ್ದೀಯೋ ಯಾರಿಗೆ ಗೊತ್ತು. ಓದಿ ಹೇಳು" ಅಂದಳು. ಅಂದಿನಿಂದ ನಾನು ಬರೆದದ್ದನ್ನೆಲ್ಲ ಅವಳಿಗೆ ಮಲಯ ಮಾತಿನಲ್ಲಿ ಓದಿ ಹೇಳಬೇಕಾಗಿದೆ. ಪಾತ್ರಗಳು ಲೇಖಕರೊಂದಿಗೆ ಜಗಳವಾಡುವುದನ್ನು ನೀವು ಆಧುನಿಕ ಕಥೆಗಳಲ್ಲಿ ಓದಿರಬಹುದು. ಅಲ್ಲಿ ಲೇಖಕನಿಗೆ ಪುಟ ಮುಚ್ಚುವ ಸೌಕರ್ಯವಿದೆ. ನನಗೂ ನನ್ನ ಪಾತ್ರಕ್ಕೂ ಗೋಡೆ ಒಂದೇ.

ಸರಿ, ಡಬ್ಬಿ. ಹಿಂದಿನ ಬೀದಿಯಲ್ಲಿ ಕಳ್ಳತನವಾದ ಮೇಲೆ ಬೀ ಹ್ವಾ, ತೇಕ್ ಲಿಯೊಂಗ್ ಇಬ್ಬರೂ ಕ್ಯಾಮೆರಾ ತರಲು ಹೋದರು. ಚೀನೀ ಹೊಸ ವರ್ಷಕ್ಕೆಂದು ಮನೆಯ ಮುಂಗೋಡೆಗೆ ಬೆಣ್ಣೆ ಬಣ್ಣ ಹೊಡೆಸಿ ಆಗಷ್ಟೇ ಒಣಗಿತ್ತು. ಅಂಗಡಿಯಲ್ಲಿ ತೇಕ್ ಲಿಯೊಂಗ್ ಆಳವಾದ ದುಂಡು ಡಬ್ಬಿಯೊಂದನ್ನು ಕೈಗೆತ್ತಿಕೊಂಡ.

"ಏನಿದು, ಮನೆ ಮುಖಕ್ಕೆ ನರಹುಲಿ ಅಂಟಿಸ್ತೀಯಾ?" ಅಂದಳು ಬೀ ಹ್ವಾ.

"ನರಹುಲಿ ಅಲ್ಲ ಮಹಾರಾಣಿ, ಹೊಟ್ಟೆ. ಹೊಟ್ಟೇನೇ ಇಲ್ದಿದ್ರೆ ಉಂಡದ್ದು ಎಲ್ಲಿಗೆ ಹೋಗುತ್ತೆ?"

"ನಿನ್ನ ಹೊಟ್ಟೆ ಒಂದೇ ಸಾಕು ನನ್ನ ಮನೆಗೆ. ಆ ತೆಳ್ಳಂದು ತಗೋ."

ತೆಳ್ಳನೆಯದು ಊಟದ ತಟ್ಟೆಯಷ್ಟೇ ಚಪ್ಪಟೆ. ಗೋಡೆಯ ಮೇಲೆ ಕೂತರೆ ಇದೆಯೆಂದೇ ಗೊತ್ತಾಗದು, ಚೆಂದ. ಆದರೆ ಕನೆಕ್ಟರುಗಳು ಅದರೊಳಗೆ ಹಿಡಿಸುವುದಿಲ್ಲ. ತೇಕ್ ಲಿಯೊಂಗ್ ಅವನ್ನು ಹೊರಗೇ ಬಿಟ್ಟು, ಕರೀ ಟೇಪು ಸುತ್ತಿ, ಸೂರಿನ ಮಳೆನೀರಿನ ದೋಣಿಯ ಕೆಳಗೆ ಸಿಕ್ಕಿಸಿದ. ಏಣಿಯ ಮೇಲಿಂದಲೇ ನನಗೆ ಹೇಳಿದ: "ನೋಡಿ ಟೀಚರ್, ತೈಪಿಂಗ್ ಮಳೆಗೆ ಟೇಪು ಕಟ್ಟೋದು ಅಂದ್ರೆ ಆನೇಗೆ ದಾರ ಕಟ್ಟಿದ ಹಾಗೆ." ಹೇಳಿದ, ಆದರೂ ಕಟ್ಟಿದ. ಸಂಸಾರ ಅಂದರೆ ಅದೇ ಅಲ್ಲವೇ.

೨ (ಮತ್ತೊಮ್ಮೆ)

ಮೇಲಿನ ಭಾಗ ಓದಿ ಹೇಳಿದಾಗ ಬೀ ಹ್ವಾ ನನ್ನ ಅಡುಗೆಮನೆಯಲ್ಲಿ ಕೂತು ಹುರಿಗಡಲೆ ತಿನ್ನುತ್ತಿದ್ದಳು. ತಿನ್ನುವುದು ನಿಲ್ಲಿಸಿದಳು.

"ನರಹುಲಿ ಮಾತು ತೆಗಿ."

"ನೀನೇ ಆಡಿದ್ದಲ್ವಾ? ಅವನೇ ಎಲ್ಲರಿಗೂ ಹೇಳ್ಕೊಂಡು ನಗ್ತಿದ್ದ."

"ಅದಕ್ಕೇ ತೆಗಿ. ಡಬ್ಬಿ ಅವನೇ ಆರಿಸಿದ ಅಂತ ಬರಿ."

"ಸುಳ್ಳಾಗುತ್ತೆ."

"ನಿನ್ನದು ಕಥೆ ತಾನೆ? ಕಥೇಲಿ ಒಂದು ಸುಳ್ಳು ಹೆಚ್ಚಾದ್ರೆ ನಿನ್ನ ಗಂಟೇನು ಹೋಗುತ್ತೆ? ಅವನಿಗಾದ್ರೂ ಈಗ ಏನಾಗಬೇಕು ಅದರಿಂದ? ಸತ್ತವನು ಬಂದು ಕೇಳ್ತಾನಾ?" ಅವಳ ಧ್ವನಿ ಕ್ಯಾಂಟೀನಿನಿಂದ ಇಳಿದು ಇನ್ನೆಲ್ಲಿಗೋ ಹೋಯಿತು. "ನಾನು ಇಲ್ಲೇ ಇರಬೇಕು ಟೀಚರ್. ಆ ಗೋಡೆ ದಿನಾ ನೋಡಬೇಕು."

ಬರೆದೆ. ಹೀಗೆ ಬರೆದೆ: *ಅಂಗಡಿಯಲ್ಲಿ ತೇಕ್ ಲಿಯೊಂಗ್ ತೆಳ್ಳನೆಯ ಡಬ್ಬಿಯೊಂದನ್ನು ಕೈಗೆತ್ತಿಕೊಂಡ. 'ಇದೇ ಚೆಂದ' ಅಂದ. ಬೀ ಹ್ವಾ ಸುಮ್ಮನಿದ್ದಳು.*

ಓದಿದೆ. ಅವಳು ಬಹಳ ಹೊತ್ತು ಹುರಿಗಡಲೆಯ ಸಿಪ್ಪೆ ಉಜ್ಜುತ್ತ ಕೂತಿದ್ದಳು. ಆಮೇಲೆ, "ಅವನು ಯಾವತ್ತಾದ್ರೂ ಚೆಂದ ಅನ್ನೋ ಮಾತು ಆಡಿದ್ನಾ, ಆ ಮುದುಕ" ಅಂದು ಎದ್ದುಹೋದಳು. ತೆಗೆ ಅಂತಲೂ ಹೇಳಲಿಲ್ಲ, ಇಡು ಅಂತಲೂ ಹೇಳಲಿಲ್ಲ. ಅದಕ್ಕೆ ಎರಡೂ ಇಲ್ಲಿವೆ.

೩

ಈಗ ಸಾವು. ಇದನ್ನು ಚಿಕ್ಕದಾಗಿ ಹೇಳುತ್ತೇನೆ. ದೊಡ್ಡದಾಗಿ ಹೇಳುವಷ್ಟು ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಮಳೆ ಹಿಡಿದಿತ್ತು. ಮನೆಮುಂದಿನ ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ನಮ್ಮ ಬೀದಿಯಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಬೀ ಹ್ವಾ ಮಲಗಿದ್ದಳು. ಗೇಟಿನ ಮುಂದಿನ ಚರಂಡಿಯಲ್ಲಿ ಎಲೆ ಕಟ್ಟಿಕೊಂಡು ನೀರು ಮನೆಯತ್ತ ಏರುತ್ತಿದೆಯೆಂದು ತೇಕ್ ಲಿಯೊಂಗ್ ಕೋಲು ಹಿಡಿದು ಹೊರಗೆ ಹೋದ. ಯಾವುದೋ ಗಾಡಿ ಅವನಿಗೆ ಗುದ್ದಿ, ನಿಲ್ಲದೆ ಹೋಯಿತು.

ಮೊದಲು ನೋಡಿದವಳು ಕಮರಿಯಾ. ಬರಿಗಾಲಲ್ಲಿ ಓಡಿಬಂದು ರಸ್ತೆಯಲ್ಲೇ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊಡೆ ಹಿಡಿದಿದ್ದಳು. ನಾನು ಹೊರಗೆ ಬಂದಾಗ ಕಂಡದ್ದು ಅಷ್ಟು. ಅವಳು ಕೂಗುತ್ತಿದ್ದಳು, ಮಳೆಯಲ್ಲಿ ಬಾಯಿ ಮಾತ್ರ ಕಾಣುತ್ತಿತ್ತು. ಆಂಬುಲೆನ್ಸ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಪೊಲೀಸರು ಬಂದರು. ಮೇಲೆ ನೋಡಿದರು. "ಕ್ಯಾಮೆರಾ ಇದೆಯಲ್ಲ, ಒಳ್ಳೇದಾಯ್ತು" ಅಂದ ಒಬ್ಬ. ಬೀ ಹ್ವಾ ಒದ್ದೆ ಬಟ್ಟೆಯಲ್ಲೇ ಅವನನ್ನು ಟೀವಿಯ ಮುಂದೆ ಕೂರಿಸಿದಳು. ಪರದೆಯ ಮೇಲೆ ಬೂದಿ. ಅಲೆಅಲೆಯಾದ ಬೂದಿ ಬಣ್ಣ, ಅಷ್ಟೇ. ಟೇಪಿನೊಳಕ್ಕೆ ನೀರಿಳಿದು ಕನೆಕ್ಟರು ಹಸಿರುಗಟ್ಟಿತ್ತು. ಮಳೆ ಬಂದಾಗ ಚಿತ್ರ ನಡುಗುವುದನ್ನು ತೇಕ್ ಲಿಯೊಂಗ್ ಮೊದಲೇ ಗಮನಿಸಿದ್ದ. ಮಳೆ ನಿಂತಮೇಲೆ ಸರಿ ಮಾಡುತ್ತೇನೆ ಅಂದಿದ್ದ. ತೈಪಿಂಗಿನಲ್ಲಿ ಹಾಗನ್ನುವುದು ಒಂದು ಜೋಕು.

(ಇಲ್ಲಿ 'ಸಾವು ಕ್ಯಾಮೆರಾದ ಕಣ್ಣಿಗೂ ಮಣ್ಣೆರಚಿತು' ಎಂಬ ವಾಕ್ಯವೊಂದಿತ್ತು. ನನಗೆ ಬಹಳ ಇಷ್ಟವಾಗಿತ್ತು. ಆದ್ದರಿಂದಲೇ ಹೊಡೆದು ಹಾಕಿದೆ.)

೪

ಚಿತ್ರವಿಲ್ಲದ ಜಾಗದಲ್ಲಿ ಅನುಮಾನ ಬೆಳೆಯುತ್ತದೆ. ಗೋಡೆಯ ಬಿರುಕಿನಲ್ಲಿ ಆಲದ ಸಸಿ ಬೆಳೆದ ಹಾಗೆ, ಯಾರೂ ನೀರು ಹಾಕಬೇಕಿಲ್ಲ.

ಹಮ್ದಾನನ ವ್ಯಾನಿನ ಮುಂದಿನ ದೀಪವೊಂದು ಒಡೆದಿತ್ತು. ಅಂತ್ಯಕ್ರಿಯೆಯ ವಾರದಲ್ಲೇ ಅವನು ಹೊಸದು ಹಾಕಿಸಿದ. ಶಾಲೆಯ ಗೇಟಿನ ಕಂಬಕ್ಕೆ ತಾಗಿತ್ತು ಅಂದ. ಪೊಲೀಸರು ವ್ಯಾನು ನೋಡಿದರು, ಕಂಬ ನೋಡಿದರು, ಏನೂ ಸಿಗಲಿಲ್ಲವೆಂದು ಹೋದರು. ಏನೂ ಸಿಗದಿರುವುದು ಬೀ ಹ್ವಾಗೆ ಸಾಕ್ಷಿಯಾಯಿತು.

"ಅವಳೇ ಮೊದಲು ಹೇಗೆ ಬಂದಳು?" ಅಂದಳು ನನ್ನ ಹತ್ತಿರ. "ಅಷ್ಟು ಮಳೇಲಿ, ಬಾಗಿಲು ಹಾಕಿರುವಾಗ, ಅವಳಿಗೊಬ್ಬಳಿಗೇ ಹೇಗೆ ಗೊತ್ತಾಯ್ತು?"

"ಕಿಟಕಿ ಹತ್ತಿರ ಹೊಲೀತಾ ಕೂತಿರ್ತಾಳಲ್ಲ ದಿನಾ."

"ಕೂತಿದ್ದವಳು ಗಾಡಿ ಯಾವುದು ಅಂತ ನೋಡಲಿಲ್ವಾ? ಮನುಷ್ಯ ಬಿದ್ದಿದ್ದು ಕಾಣುತ್ತೆ, ಗಾಡಿ ಕಾಣಲ್ವಾ?"

ಅವಳು ಈ ಪ್ರಶ್ನೆಯನ್ನು ಮಾರುಕಟ್ಟೆಗೆ, ದೇವಸ್ಥಾನಕ್ಕೆ, ಬೆಳಗಿನ ಕಾಫಿ ಅಂಗಡಿಗೆಲ್ಲ ಹೊತ್ತುಕೊಂಡು ಹೋದಳು. ಯಾರ ಹೆಸರನ್ನೂ ಹೇಳಲಿಲ್ಲ. ಬರೀ ಪ್ರಶ್ನೆ ಕೇಳಿದಳು. ಒಂದೊಂದೇ ಮನೆಯವರು ಮಕ್ಕಳನ್ನು ಹಮ್ದಾನನ ವ್ಯಾನಿನಿಂದ ಬಿಡಿಸಿದರು. ಅವರೂ ಯಾವ ಕಾರಣವನ್ನೂ ಹೇಳಲಿಲ್ಲ. ಕೊನೆಗೆ ಅವನು ವ್ಯಾನು ಮಾರಿ, ಬೇರೆ ಊರಾದ ಕುಲಿಮ್‌ನ ಒಂದು ಕಾರ್ಖಾನೆಗೆ ಸೇರಿ, ಅಲ್ಲೇ ರೂಮು ಮಾಡಿದ. ಕಮರಿಯಾ ಒಬ್ಬಳೇ ಉಳಿದಳು.

ಅಂತ್ಯಕ್ರಿಯೆಯ ದಿನವೇ ಅವಳು ಬಂದಿದ್ದಳು. ಬೀ ಹ್ವಾ ಗೇಟಿನ ಒಳಗಿಂದ ಅವಳನ್ನು ನೋಡಿ, ಚಿಲಕ ಹಾಕಿದಳು. ಕಮರಿಯಾ ಏನೋ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಆಮೇಲೆ ಹೋದಳು. ಅಂದಿನಿಂದ ಆ ಗೇಟು ಅವಳ ಪಾಲಿಗೆ ಗೋಡೆಯೇ.

೫

ಎರಡನೆಯ ಡಬ್ಬಿಯನ್ನು ಆರಿಸುವಾಗ ನಾನು ಜೊತೆಗಿದ್ದೆ. ಇದಕ್ಕೆ ನಾನೇ ಸಾಕ್ಷಿ, ಹಾಗಾಗಿ ಇದರ ಒಂದೇ ಆವೃತ್ತಿ ಇದೆ.

ಬೀ ಹ್ವಾ ಅಂಗಡಿಯವನ ಮುಂದೆ ಇದ್ದಬದ್ದ ಡಬ್ಬಿಗಳನ್ನೆಲ್ಲ ಹರಡಿಸಿದಳು. ಒಂದೊಂದನ್ನೂ ಬಿಚ್ಚಿ, ಮುಚ್ಚಳದ ಅಂಚಿನ ರಬ್ಬರಿನ ಮೇಲೆ ಬೆರಳಾಡಿಸಿದಳು, ಕುಕ್ಕರಿನ ಗ್ಯಾಸ್ಕೆಟ್ ನೋಡುವ ಹಾಗೆ.

"ಇದು ಬಿಸಿಲಿಗೆ ಸೀಳುತ್ತಾ?"

"ಪ್ಲಾಸ್ಟಿಕ್ ಅಲ್ವಾ ಆಂಟಿ, ವರ್ಷಗಳಾದ ಮೇಲೆ ಸ್ವಲ್ಪ..."

"ಬೇಡ. ಇದು?"

"ಇದು ಅಲ್ಯುಮಿನಿಯಂ. ಗಟ್ಟಿ. ಆದರೆ ನಿಮ್ಮ ಕ್ಯಾಮೆರಾದ ಸ್ಕ್ರೂ ತೂತು ಇದಕ್ಕೆ ಹೊಂದಬೇಕು. ಕ್ಯಾಮೆರಾ ತಂದಿದ್ದೀರಾ?"

ತಂದಿದ್ದಳು. ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ ತಂದಿದ್ದಳು. ಅವನು ಕೂರಿಸಿ ತೋರಿಸಿದ, ಹೊಂದಿತು. ಕನೆಕ್ಟರುಗಳೆರಡೂ ಒಳಗೆ ಮಡಚಿ ಕೂತವು, ಇನ್ನೂ ಜಾಗ ಮಿಕ್ಕಿತು. ದೊಡ್ಡ, ದುಂಡು, ಬೂದು ಬಣ್ಣದ ಡಬ್ಬಿ. ಬೆಣ್ಣೆ ಬಣ್ಣದ ಗೋಡೆಯ ಮೇಲೆ ಅದು ಹೇಗೆ ಕಾಣುತ್ತದೆಂದು ನಾನು ಊಹಿಸಿದೆ. ಅವಳೂ ಊಹಿಸಿರಬೇಕು.

"ನೀರು ಹೋಗಲ್ಲ ಅಂತ ಹೇಗೆ ನಂಬಲಿ?"

"ಬರೆದಿದೆಯಲ್ಲ ಆಂಟಿ ಇಲ್ಲಿ, ವಾಟರ್‌ಪ್ರೂಫ್ ಅಂತ."

"ಬರೆದಿದ್ದನ್ನ ನಂಬೋಕೆ ನಾನೇನು ಟೀಚರಾ?"

ಅಂದವಳೇ ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದು, ಗಲ್ಲಾದ ಮೇಲೆಯೇ, ಮುಚ್ಚಿದ ಡಬ್ಬಿಯ ಮೇಲೆ ಹೊಯ್ಯತೊಡಗಿದಳು. ಅಂಗಡಿಯವನು ರಸೀದಿ ಪುಸ್ತಕಗಳನ್ನು ಎತ್ತಿಕೊಂಡು ಹಿಂದೆ ಹಾರಿದ. ಗಿರಾಕಿಗಳು ನಕ್ಕರು. ಬಾಟಲಿ ಖಾಲಿಯಾಗುವವರೆಗೆ ಹೊಯ್ದಳು. ಆಮೇಲೆ ಡಬ್ಬಿ ಬಿಚ್ಚಿಸಿ, ಕಣ್ಣಿಗೆ ಸೆರಗೊತ್ತುವ ಹಾಗೆ ಕಾಗದದ ಕರವಸ್ತ್ರವನ್ನು ಒಳಗಿನ ಮೂಲೆಮೂಲೆಗೆ ಒತ್ತಿ ನೋಡಿದಳು. ಒದ್ದೆಯೇ ಆಗಿರಲಿಲ್ಲ.

ಆ ಒಣ ಕಾಗದವನ್ನು ಹಿಡಿದು ಅವಳು ಅಲ್ಲೇ ಅತ್ತಳು. ನಗುತ್ತಿದ್ದವರು ನಗು ನಿಲ್ಲಿಸಿದರು. ಅಂಗಡಿಯವನು ನೀರು ಒರೆಸುತ್ತ, "ಪರವಾಗಿಲ್ಲ ಆಂಟಿ, ಪರವಾಗಿಲ್ಲ" ಅನ್ನುತ್ತಲೇ ಇದ್ದ. ಯಾವುದಕ್ಕೆ ಹಾಗಂದನೋ.

೬

ಇಷ್ಟರಲ್ಲಿ ನಾನೊಂದು ಪತ್ತೇದಾರಿ ಡ್ರಾಫ್ಟು ಬರೆದೆ. ಅದರಲ್ಲಿ ಬೇರೊಂದು ಮನೆಯ ಕ್ಯಾಮೆರಾದಲ್ಲಿ ಹಮ್ದಾನನ ವ್ಯಾನು ಸಿಕ್ಕಿಬೀಳುತ್ತದೆ, ಅವನು ತಪ್ಪೊಪ್ಪಿಕೊಳ್ಳುತ್ತಾನೆ. ಬರೆಯುವಾಗ ಕೈ ಎಷ್ಟು ಸರಾಗ ಓಡಿತೆಂದರೆ ನನಗೇ ಗಾಬರಿಯಾಯಿತು. ಓದಿ ಹೇಳಿದೆ. ಬೀ ಹ್ವಾಳ ಮುಖ ಅರಳಿತು.

"ಇದು. ಇದನ್ನೇ ಇಟ್ಕೋ."

"ಇದು ನಾನು ಕಟ್ಟಿದ್ದು, ಬೀ ಹ್ವಾ."

"ಕಟ್ಟಿದ್ದು ಹೀಗೆ ಸರಿಯಾಗಿ ಕೂತ್ಕೊಳ್ತಲ್ಲ! ನಿಜ ಅಲ್ದಿದ್ರೆ ಕೂರ್ತಿತ್ತಾ?"

ಕಥೆಗಾರಳಾಗಿ ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ. ಅವಳ ಮುಂದೆಯೇ ಆ ಹಾಳೆಗಳನ್ನು ಒಲೆಗೆ ಹಾಕಿದೆ. ಅವಳು ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟಳು. ಗೋಡೆಯಾಚೆಯಿಂದ ಬೆಳ್ಳುಳ್ಳಿ ಜಜ್ಜುವ ಸದ್ದು ಮಾತ್ರ ಬರುತ್ತಿತ್ತು, ಬೇಕೆಂದೇ ಜೋರಾಗಿ.

೭

ಹೊಸ ಡಬ್ಬಿಯ ಮೇಲೆ ಕೂತ ಕ್ಯಾಮೆರಾ ರಸ್ತೆಯನ್ನು ನೋಡುತ್ತದೆ. ರಸ್ತೆ ಎಂದರೆ ಕಮರಿಯಾಳ ಗೇಟು, ಕಮರಿಯಾಳ ಕಿಟಕಿ, ಕಿಟಕಿಯಲ್ಲಿ ಹೊಲಿಯುತ್ತ ಕೂತ ಕಮರಿಯಾ. ಬೀ ಹ್ವಾ ಕೈಯಲ್ಲಿ ಫೋನು ಹಿಡಿದು ಇದನ್ನೇ ನೋಡುತ್ತಿದ್ದಳು. ಟೀವಿ ಧಾರಾವಾಹಿ ಬಿಟ್ಟಳು. ಅಲ್ಲಿ ಏನೂ ನಡೆಯುವುದಿಲ್ಲ, ಆದರೂ ನೋಡುತ್ತಿದ್ದಳು.

ಒಂದು ಮಧ್ಯಾಹ್ನ, ಮಳೆಯಲ್ಲಿ, ಕಮರಿಯಾ ಗೇಟು ತೆಗೆದು ಹೊರಬಂದಳು. ರಸ್ತೆ ದಾಟಿದಳು. ಬೀ ಹ್ವಾಳ ಗೇಟಿನ ಮುಂದೆ ನಿಂತು, ತಲೆಯೆತ್ತಿ ಕ್ಯಾಮೆರಾವನ್ನೇ ನೋಡಿದಳು. ಮಡಚಿದ ಕೊಡೆ ಕೈಯಲ್ಲೇ ಇತ್ತು, ಬಿಚ್ಚಲಿಲ್ಲ. ಆಮೇಲೆ ಮಾತಾಡಿದಳು. ನಿಧಾನವಾಗಿ, ಬಿಡಿಸಿ ಬಿಡಿಸಿ. ಒಮ್ಮೆ ನಿಲ್ಲಿಸಿ, ಕಣ್ಣು ಮುಚ್ಚಿ, ನೆನಪು ಮಾಡಿಕೊಳ್ಳುವವಳ ಹಾಗೆ ನಿಂತು, ಮತ್ತೆ ಮೊದಲಿಂದ ಹೇಳಿದಳು. ತಿರುಗಿ ಹೋದಳು.

ಒಳಗೆ ಬೀ ಹ್ವಾ ಇದನ್ನೆಲ್ಲ ಫೋನಿನಲ್ಲಿ ನೋಡುತ್ತಿದ್ದಳು. ಬಾಗಿಲು ಪಕ್ಕದಲ್ಲೇ ಇತ್ತು. ತೆಗೆಯಲಿಲ್ಲ.

ಮಾತು ಬಿಟ್ಟಿದ್ದನ್ನು ಮರೆತು ಗೋಡೆ ಬಡಿದಳು. "ಟೀಚರ್! ಬಾ, ಬೇಗ ಬಾ!"

ಹೋದೆ. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಕಮರಿಯಾಳ ರೆಪ್ಪೆಯಿಂದ ನೀರು ಇಳಿಯುವುದು ಕಾಣುತ್ತಿತ್ತು. ಡಬ್ಬಿಯೊಳಕ್ಕೆ ಒಂದು ಹನಿಯೂ ಹೋಗಿರಲಿಲ್ಲ. ಆದರೆ ಆ ಕ್ಯಾಮೆರಾಕ್ಕೆ ಮೈಕು ಇರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಅಷ್ಟೇ.

"ಏನಂತಿದ್ದಾಳೆ?"

"ಗೊತ್ತಾಗ್ತಿಲ್ಲ."

"ನೋಡು, ಇಲ್ಲಿ ನೋಡು, ಬಾಯಿ ಹೇಗೆ ತೆರೀತಾಳೆ. 'ಮಾಫ್' ಅಂತಿದ್ದಾಳೆ. ಕ್ಷಮೆ ಕೇಳ್ತಿದ್ದಾಳೆ! ಒಪ್ಕೊಂಡ ಹಾಗಾಯ್ತಲ್ಲ?"

"'ಮಾಲು' ಅಂದರೂ ಬಾಯಿ ಹಾಗೇ ತೆರೆಯುತ್ತೆ. ನಾಚಿಕೆ ಆಗಬೇಕು ನಿನಗೆ ಅಂತಿರಬಹುದು."

"ನಿನಗೆ ಅವಳ ಪರ ಮಾತಾಡದಿದ್ರೆ ಅನ್ನ ಇಳಿಯಲ್ಲ."

ಮತ್ತೆ ಮತ್ತೆ ಹಾಕಿ ನೋಡಿದೆವು. ಓದುಗರೇ, ಆ ಬಾಯಿಗೆ ನಾನು ಯಾವ ಮಾತು ಬೇಕಾದರೂ ಹಾಕಬಹುದಿತ್ತು. ನನ್ನ ಕಸುಬೇ ಅದು. ಕೈ ತುರಿಸಿತು ಕೂಡ. ಆದರೆ ಒಲೆಗೆ ಹಾಕಿದ ಹಾಳೆಗಳ ನೆನಪಾಗಿ, ರಸ್ತೆ ದಾಟಿ ಕಮರಿಯಾಳನ್ನೇ ಕೇಳಿಬಿಡೋಣವೆಂದು ಮರುದಿನ ಹೋದೆ.

೮

ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಹೊಲಿಗೆ ಯಂತ್ರಕ್ಕೆ ಹಳೆಯ ಚಾದರ ಸುತ್ತಿ ಹಗ್ಗ ಬಿಗಿದಿದ್ದಳು.

"ಶನಿವಾರ ಲಾರಿ ಬರುತ್ತೆ ಟೀಚರ್. ಕುಲಿಮ್‌ಗೆ ಹೋಗ್ತಿದ್ದೀವಿ" ಅಂದಳು. ಪೆಟ್ಟಿಗೆಯೊಂದರಿಂದ ಲೋಟ ಹುಡುಕಿ ತೆಗೆದು ಚಹಾ ಕೊಟ್ಟಳು.

"ನಿನ್ನೆ ಏನು ಹೇಳಿದೆ ಕಮರಿಯಾ?"

"ಯಾಕೆ, ಅಕ್ಕ ಕೇಳಿಸ್ಕೊಳ್ಲಿಲ್ವಾ? ಒಳಗೆ ಕೂತು ನೋಡ್ತಿದ್ದರು, ನನಗೆ ಗೊತ್ತು."

"ಆ ಕ್ಯಾಮೆರಾಕ್ಕೆ ಕಿವಿ ಇಲ್ಲ. ಮಾತು ಬರಲ್ಲ ಅದರಲ್ಲಿ."

ಅವಳು ನನ್ನನ್ನೇ ನೋಡಿದಳು. ನಕ್ಕಳು. ಆ ನಗು ನನಗೆ ಬೇಡವಾಗಿತ್ತು.

"ಅಷ್ಟು ಧೈರ್ಯ ಮಾಡ್ಕೊಂಡು ಹೋಗಿ ಕಿವುಡು ಡಬ್ಬದ ಮುಂದೆ ನಿಂತು ಬಂದೆನಾ?" ತಲೆವಸ್ತ್ರದ ತುದಿಯಿಂದ ಲೋಟದ ಹೊರಗಿನ ಚಹಾ ಒರೆಸಿದಳು. "ನಾನು ಓಡಿಹೋದಾಗ ಅವರಿಗಿನ್ನೂ ಜೀವ ಇತ್ತು ಟೀಚರ್. ಮಾತಾಡಿದರು. ಕಿವಿ ಬಾಯಿ ಹತ್ತಿರ ಇಟ್ಟೆ. ಎರಡು ಸಲ ಹೇಳಿದರು. ಅಂತ್ಯಕ್ರಿಯೆ ದಿನ ಹೇಳೋಕೆ ಅಂತಲೇ ಹೋದೆ. ಅಕ್ಕ ಚಿಲಕ ಹಾಕಿದರು."

"ಏನು ಹೇಳಿದ?"

ಅವಳು ತಲೆ ಅಲ್ಲಾಡಿಸಿದಳು. "ನಿಮಗೆ ಹೇಳಲ್ಲ. ಹೇಳಿದರೆ ನೀವು ಬರೆದುಬಿಡ್ತೀರ. ಅದು ಅಕ್ಕಂದು. ಬೇಕಿದ್ದರೆ ಗೇಟು ತೆಗೆದು ಬಂದು ಕೇಳಲಿ. ಇನ್ನೊಂದು ಸಲ ನಾನು ಬೀದೀಲಿ ನಿಂತು ಹೇಳಲ್ಲ."

(ಪಾತ್ರವೊಂದು ಲೇಖಕಿಯ ಮುಖದ ಮೇಲೆ ಬಾಗಿಲು ಹಾಕುವುದೆಂದರೆ ಹೀಗೆ. ಚಹಾ ಚೆನ್ನಾಗಿತ್ತು.)

ಎದ್ದು ನಿಂತಾಗ ಅವಳೇ ತಡೆದಳು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದ್ದೇನೆ. ಬರೆಯುತ್ತಿದ್ದೇನೆ.

"ಹಮ್ದಾನ್ ಆ ದಿನ ಮಳೇಲೇ ಮನೆಗೆ ಬಂದ. ಅವನು ಬಂದಿದ್ದು ಮೊದಲೋ, ಅವರು ಬಿದ್ದಿದ್ದು ಮೊದಲೋ, ನಾನೂ ಲೆಕ್ಕ ಹಾಕಿದ್ದೀನಿ ಟೀಚರ್. ಒಂದು ಸಲ ಅಲ್ಲ. ಅವನನ್ನೇ ಕೇಳಿದೆ. ಅಲ್ಲಾನ ಮೇಲೆ ಆಣೆ ಇಟ್ಟ. ನಂಬಿದೆ. ಬಟ್ಟೆ ಹೊಲೀತಾ ಕೂತಾಗ ಮತ್ತೆ ಲೆಕ್ಕ ಶುರುವಾಗುತ್ತೆ."

೯

ಬೀ ಹ್ವಾಗೆ ಎಲ್ಲ ಹೇಳಿದೆ, ಲೆಕ್ಕದ ಮಾತೊಂದನ್ನು ಬಿಟ್ಟು.

"ಸುಳ್ಳು. ನನ್ನ ಗೇಟು ತೆಗೆಸೋಕೆ ಹೂಡಿದ ನಾಟಕ" ಅಂದಳು. ಬೇಗನೇ ಅಂದಳು. ಆಮೇಲೆ ಸೊಪ್ಪು ಬಿಡಿಸಲು ಕೂತಳು. ಎಲೆಯನ್ನು ಕಸಕ್ಕೂ ದಂಟನ್ನು ಪಾತ್ರೆಗೂ ಹಾಕುತ್ತಿದ್ದಳು.

"ಯಾವ ಮಾತಲ್ಲಿ ಹೇಳಿದನಂತೆ?" ಅಂದಳು, ತಲೆ ಎತ್ತದೆ.

"ಅಂದರೆ?"

"ಮಲಯದಲ್ಲಾ, ನಮ್ಮ ಹೊಕ್ಕಿಯೆನ್‌ನಲ್ಲಾ?"

ಅದು ನನಗೆ ಹೊಳೆದಿರಲಿಲ್ಲ. ಮಲಯದಲ್ಲಿ ಹೇಳಿದ್ದರೆ ಕಮರಿಯಾಗೆ ಹೇಳಿದ್ದು: ನೀರು ಕೊಡು, ಕಾಲು ನೋಯುತ್ತಿದೆ, ಅಂಥದ್ದೇನೋ. ಹೊಕ್ಕಿಯೆನ್‌ನಲ್ಲಿ ಹೇಳಿದ್ದರೆ ಹೆಂಡತಿಗೆ. ಮನೆಯಲ್ಲಿ ಅವರ ಮಾತು ಆ ಚೀನೀ ನುಡಿ ಒಂದೇ.

ಮತ್ತೆ ರಸ್ತೆ ದಾಟಿದೆ. (ಈಗೀಗ ರಸ್ತೆ ದಾಟುವವಳು ನಾನೊಬ್ಬಳೇ ಆಗಿಬಿಟ್ಟೆ.)

"ನನಗೆ ಅರ್ಥ ಆಗದ ಮಾತಲ್ಲಿ" ಅಂದಳು ಕಮರಿಯಾ. "ಅವರ ಭಾಷೇಲೇ. ನನ್ನ ಹತ್ತಿರ ಇರೋದು ಶಬ್ದ ಮಾತ್ರ. ಮರೀಬಾರ್ದು ಅಂತ ದಿನಾ ನಮಾಜು ಆದ ಮೇಲೆ ಬಾಯಲ್ಲಿ ಹೇಳ್ಕೋತೀನಿ. ಆದರೂ ಹೇಳ್ತಾ ಹೇಳ್ತಾ ಸವೀತಿದೆ ಅನ್ಸುತ್ತೆ. ಮೊದಲು ಬೇರೆ ಥರ ಇತ್ತಾ ಅಂತ ಅನುಮಾನ ಬರುತ್ತೆ."

"ಬೇರೆ ಯಾರನ್ನಾದರೂ ಅರ್ಥ ಕೇಳಬಹುದಿತ್ತಲ್ಲ? ಊರ ತುಂಬ ಆ ಮಾತಾಡೋರೇ ಇದ್ದಾರೆ."

"ಕೇಳಬಹುದಿತ್ತು. ಅವರದನ್ನ ಅವರಿಗೆ ಕೊಡೋಕೆ ಮೊದಲು ನಾನ್ಯಾಕೆ ಬಿಚ್ಚಿ ನೋಡಲಿ?" ಪೆಟ್ಟಿಗೆಯೊಂದರ ಮುಚ್ಚಳ ಒತ್ತಿ ಕೂರಿಸಿದಳು. "ಹೆದರಿಕೇನೂ ಇದೆ ಟೀಚರ್. ಅದರಲ್ಲಿ ಗಾಡಿ ಯಾವುದು ಅಂತ ಇದ್ದರೆ?"

ಹಾಗಿದ್ದೂ ಅವಳು ಮಳೆಯಲ್ಲಿ ನಿಂತು, ತನ್ನ ಗಂಡನನ್ನೇ ಹಿಡಿದುಕೊಡಬಹುದಾದ ಆ ಶಬ್ದಗಳನ್ನು, ಬಿಡಿಸಿ ಬಿಡಿಸಿ ಹೇಳಿ ಬಂದಿದ್ದಳು.

೧೦

ಇಲ್ಲಿಗೆ ಕಥೆ ಮುಗಿಯಬೇಕು. ಮೂರು ಮುಕ್ತಾಯ ಬರೆದಿಟ್ಟಿದ್ದೇನೆ.

ಒಂದರಲ್ಲಿ ಬೀ ಹ್ವಾ ಗೇಟು ತೆಗೆದು ಹೋಗುತ್ತಾಳೆ, ಕಮರಿಯಾ ಹೇಳುತ್ತಾಳೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಆದರೆ ತೇಕ್ ಲಿಯೊಂಗ್ ಹೇಳಿದ್ದೇನು? ನಾನೇ ಏನಾದರೂ ಬರೆಯಬೇಕು. 'ಚೆನ್ನಾಗಿರು' ಎಂದು ಬರೆದೆ. ಆ ಮನುಷ್ಯ ಬದುಕಿದ್ದಾಗ 'ಅನ್ನ ಆಯ್ತಾ' ಬಿಟ್ಟು ಬೇರೇನೂ ಪ್ರೀತಿಯ ಮಾತು ಆಡಿದವನಲ್ಲ. ಹೊಡೆದು ಹಾಕಿದೆ.

ಇನ್ನೊಂದರಲ್ಲಿ ಅವನ ಮಾತು ಗಾಡಿಯ ಬಣ್ಣ. ಅದಾದ ಮೇಲಿನ ವಾಕ್ಯ ಬರೆಯಲು ನನಗೆ ಕೈ ಬರಲಿಲ್ಲ.

ಮತ್ತೊಂದರಲ್ಲಿ ಬೀ ಹ್ವಾ ಹೋಗುತ್ತಾಳೆ, ಕಮರಿಯಾ ಹೇಳುತ್ತಾಳೆ, ಆದರೆ ಸವೆದು ಸವೆದು ಆ ಶಬ್ದಗಳು ಈಗ ಯಾವ ಭಾಷೆಯೂ ಆಗಿ ಉಳಿದಿಲ್ಲ. ಇದನ್ನು ಬರೆದು, ಪೆನ್ನು ಮುಚ್ಚಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮೂರನ್ನೂ ಬೀ ಹ್ವಾಗೆ ಓದಿ ಹೇಳಿದೆ. ಜಗಳವಾಡಲಿ ಎಂದೇ ಓದಿದೆ. ಅವಳು ಆಡಲಿಲ್ಲ.

"ಹೋಗು ಬೀ ಹ್ವಾ" ಅಂದೆ. "ನಾಳೆ ಲಾರಿ ಬರುತ್ತೆ. ಎದುರು ಮನೆ ಅಷ್ಟೇ."

"ಹೋದರೆ ಅವಳ ಮುಂದೆ ನಿಲ್ಲಬೇಕು."

"ನಿಲ್ಲು."

"ನನ್ನಿಂದ ಅವರು ಊರು ಬಿಡ್ತಿದ್ದಾರೆ. ಅವನೇ ಗುದ್ದಿದ್ದರೆ ಸರಿ. ಅಲ್ಲದಿದ್ದರೆ?" ಅವಳು ನನ್ನತ್ತ ತಿರುಗಿದಳು. "ನಿನ್ನ ಕಥೇಲಿ ನನ್ನನ್ನ ಕೆಟ್ಟವಳು ಮಾಡಿದ್ದೀಯಾ ಟೀಚರ್?"

"ಇಲ್ಲ."

"ಮಾಡು. ಸುಲಭ ಆಗುತ್ತೆ."

ಇವತ್ತು ಶುಕ್ರವಾರ. ನೀವು ಇದನ್ನು ಓದುವ ಹೊತ್ತಿಗೆ ಶನಿವಾರ ಆಗಿಹೋಗಿರುತ್ತದೆ. ಲಾರಿ ಬಂತೋ, ಗೇಟು ತೆರೆಯಿತೋ, ಎಲ್ಲ ತೀರ್ಮಾನವಾಗಿರುತ್ತದೆ. ನನಗೆ ಇನ್ನೂ ಶುಕ್ರವಾರ. ಎದುರುಮನೆಯಲ್ಲಿ ಪೆಟ್ಟಿಗೆಗಳಿಗೆ ಟೇಪು ಎಳೆಯುವ ಸದ್ದು ಕೇಳುತ್ತಿದೆ. ಇತ್ತ ಬೀ ಹ್ವಾ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಫೋನು ಹಿಡಿದು ಕೂತಿದ್ದಾಳೆ. ಕಮರಿಯಾ ಮಳೆಯಲ್ಲಿ ನಿಂತು ಮಾತಾಡುವ ಆ ಮೂಕ ಚಿತ್ರವನ್ನು ಹಾಕುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ಹಾಕುತ್ತಾಳೆ. ನಾವು ಆವತ್ತು ಅದನ್ನು ತಪ್ಪು ಭಾಷೆಯಲ್ಲಿ, ಮಲಯದಲ್ಲಿ, ಓದಿದ್ದೆವು. ಈಗ ಅವಳು ತನ್ನದೇ ಭಾಷೆಯಲ್ಲಿ ಓದಲು ನೋಡುತ್ತಿದ್ದಾಳೆ. ಆ ತುಟಿಗಳ ಜೊತೆಗೆ ತನ್ನ ತುಟಿಗಳನ್ನೂ ಅಲ್ಲಾಡಿಸುತ್ತಾಳೆ, ಎದುರುಮನೆಯ ಹೆಂಗಸಿನ ಬಾಯಿಂದ ತನ್ನ ಗಂಡನ ಬಾಯಿಯನ್ನು ಹುಡುಕುತ್ತಾಳೆ.

"ಟೀಚರ್" ಎಂದು ಕರೆಯುತ್ತಿದ್ದಾಳೆ, "ಬರೆಯೋದು ಬಿಟ್ಟು ಇಲ್ಲಿ ನೋಡು. ನಾನು ಹೀಗಂದರೆ ಅವಳ ಹಾಗೇ ಕಾಣುತ್ತಾ?"

ನೋಡುತ್ತೇನೆ. ಸದ್ದಿಲ್ಲ. ಅವಳ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ